ದಫ್ತರ ಹಿಡಿದ ಕಾದಂಬರಿಕಾರ

1881ರಲ್ಲಿ ಕಲ್ಕತ್ತೆಯಲ್ಲಿ ಇಂಗ್ಲಿಷಿನ ಒಂದು ಜೀವನಚರಿತ್ರೆ ಅಚ್ಚಾಯಿತು. ಬರೆದವರಿಗೆ ಆಗ 67 ವರ್ಷ. ಬಂಗಾಳಿ ಓದುವವರ ಮನೆಮನೆಯಲ್ಲಿ ಅವರ ಹೆಸರಿತ್ತು, ಏಕೆಂದರೆ ಆ ಭಾಷೆಗೆ ಕಾದಂಬರಿ ಎಂಬ ರೂಪವನ್ನು ತಂದವರಲ್ಲಿ ಅವರೇ ಮೊದಲಿಗರು. ಆದರೆ ಆ ಪುಸ್ತಕದ ನಾಯಕ ರಾಜನಲ್ಲ, ಕವಿಯಲ್ಲ, ಸಮಾಜ ಸುಧಾರಕನೆಂದು ಹೆಸರಾದವನೂ ಅಲ್ಲ. ಚಿತ್ರಕಲೆ ಕಲಿಸುತ್ತಿದ್ದ ಒಬ್ಬ ಇಂಗ್ಲಿಷ್ ಮೇಷ್ಟ್ರು. ಕಲ್ಕತ್ತೆಯ ಬೀದಿಯ ಗಾಡಿ ಎತ್ತುಗಳಿಗಾಗಿ, ಬಾಡಿಗೆ ಕುದುರೆಗಳಿಗಾಗಿ ಒಂದು ಸಂಘ ಕಟ್ಟಿ, ಕೊನೆಯವರೆಗೂ ಅದರ ಗೌರವ ಕಾರ್ಯದರ್ಶಿಯಾಗಿ ದುಡಿದು, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದವರು. ಹೆಸರು ಕೋಲ್ಸ್‌ವರ್ದಿ ಗ್ರಾಂಟ್. ಅವರ ಕಥೆ ಬರೆದ ಕಾದಂಬರಿಕಾರರು ಪ್ಯಾರಿಚಾಂದ್ ಮಿತ್ರ. ಆ ಪುಸ್ತಕ ಬಂದ ಎರಡೇ ವರ್ಷಕ್ಕೆ, 1883ರ ನವೆಂಬರಿನಲ್ಲಿ, ಅವರೂ ಹೋದರು.

ನಮ್ಮ ಪ್ರಾಣಿ ದಯಾ ಸಂಘದ ಈ ಸ್ಮರಣ ಸಂಚಿಕೆಗೆ, ಇಂಥ ಸಂಘಗಳು ನಮ್ಮ ದೇಶದಲ್ಲಿ ಹೇಗೆ ಹುಟ್ಟಿದವೆಂಬ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಕಾಯಿದೆಗಳ ಪಟ್ಟಿ ಮಾಡಿಕೊಟ್ಟರೆ ಸಾಕು ಎಂದುಕೊಂಡೇ ಕುಳಿತೆ. ಆದರೆ ಪಟ್ಟಿಯ ತಲೆಯಲ್ಲೇ ಈ ಇಬ್ಬರು ನಿಂತಿದ್ದರು. ಅವರನ್ನು ದಾಟಿ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಚರಿತ್ರೆಗೆ ಹೋಗುವ ಮೊದಲು ಒಂದು ಹುಣ್ಣಿನ ಮಾತು ಹೇಳಬೇಕು. ಪಶುವೈದ್ಯನಾಗಿ ನಾನು ಹಳ್ಳಿಯ ಆಸ್ಪತ್ರೆಗಳಲ್ಲಿ ಕಳೆದ ಮೊದಲ ವರ್ಷಗಳಲ್ಲಿ ಅತಿ ಹೆಚ್ಚು ಕಂಡದ್ದು ಹೆಗಲುಬಾವು. ನೊಗ ಕೂರುವ ಜಾಗದಲ್ಲಿ ಮೊದಲು ಕೂದಲು ಉದುರುತ್ತದೆ. ಆಮೇಲೆ ಚರ್ಮ ದಪ್ಪವಾಗಿ ಮುಷ್ಟಿಗಾತ್ರ ಊದುತ್ತದೆ. ಕೈಯಿಟ್ಟರೆ ಸುಡುತ್ತದೆ. ಅದರ ಮೇಲೆಯೇ ಮತ್ತೆ ನೊಗ ಬಿದ್ದರೆ ಒಡೆದು ಕೀವು ಸೋರುತ್ತದೆ, ನೊಣ ಮುತ್ತುತ್ತದೆ, ಎತ್ತನ್ನು ಬಯಲಲ್ಲಿ ಕಟ್ಟಿದರೆ ಕಾಗೆ ಬಂದು ಕುಕ್ಕುತ್ತದೆ. ಔಷಧಿ ದೊಡ್ಡದೇನಲ್ಲ. ಮುಲಾಮು ಹಚ್ಚಿ ಹದಿನೈದು ದಿನ ನೊಗಕ್ಕೆ ಕಟ್ಟದೆ ಬಿಟ್ಟರೆ ಹೆಚ್ಚಿನವು ವಾಸಿಯಾಗುತ್ತವೆ. ಆ ಹದಿನೈದು ದಿನವೇ ಕಷ್ಟ. ಬಾಡಿಗೆ ಗಾಡಿ ಹೊಡೆಯುತ್ತಿದ್ದ ಒಬ್ಬ ಮುದುಕ ಬಾವಿನ ಮೇಲೆ ಅಂಗೈ ಆಡಿಸುತ್ತ, "ಇವತ್ತು ಗಾಡಿ ಕಟ್ದೇ ಹೋದ್ರೆ ಒಲೆ ಹತ್ತಲ್ಲ ಡಾಕ್ಟ್ರೆ" ಎಂದಿದ್ದ. ಅವನ ಕಣ್ಣಲ್ಲಿ ನೀರಿತ್ತು. ಮರುದಿನ ಅದೇ ಎತ್ತು ಅದೇ ನೊಗದ ಕೆಳಗೆ ರಸ್ತೆಯಲ್ಲಿ ಹೋಗುತ್ತಿತ್ತು. ಪ್ರಾಣಿ ದಯೆಯ ಚರಿತ್ರೆಯೆಂದರೆ ನನಗೆ ನೆನಪಾಗುವುದು ಆ ಬಾವು, ಆ ಮುದುಕ, ಎರಡೂ ಒಟ್ಟಿಗೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದವರ ಕೆಲಸ ಅರ್ಧವೇ ಆಗಿದೆ. ಕಲ್ಕತ್ತೆಯ ಕಥೆಯಲ್ಲೂ ಇದೇ ಕಾಣುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುವಿನ ಕಲ್ಕತ್ತೆ ಇಡೀ ದೇಶದ ರಾಜಧಾನಿ, ದೊಡ್ಡ ಬಂದರು. ಹಡಗಿನಿಂದ ಇಳಿದ ಸರಕೆಲ್ಲ ಗೋದಾಮಿಗೆ, ಗೋದಾಮಿನ ಸೆಣಬು, ಅಕ್ಕಿ, ನೀಲಿಯೆಲ್ಲ ಹಡಗಿಗೆ ಹೋಗುತ್ತಿದ್ದುದು ಎತ್ತಿನ ಗಾಡಿ, ಕೋಣದ ಗಾಡಿಗಳ ಮೇಲೆ. ಜನ ಓಡಾಡಲು ಕುದುರೆ ಗಾಡಿ. ಊರು ನಿಂತದ್ದೇ ಪ್ರಾಣಿಗಳ ಹೆಗಲ ಮೇಲೆ. ಬಂಗಾಳದ ಸೆಕೆಯಲ್ಲಿ, ಚೈತ್ರ ವೈಶಾಖದ ನಡುಹಗಲಿನಲ್ಲಿ, ಹೇರು ಮೀರಿದ ಗಾಡಿ ಎಳೆಯುತ್ತ ಕುಸಿಯುವ ಕೋಣ ಆ ಊರಿನ ದಿನನಿತ್ಯದ ನೋಟವಾಗಿತ್ತು.

ಕೋಲ್ಸ್‌ವರ್ದಿ ಗ್ರಾಂಟ್ ಹುಟ್ಟಿದ್ದು 1813ರಲ್ಲಿ ಲಂಡನ್ನಿನಲ್ಲಿ. 1832ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಕಲ್ಕತ್ತೆಗೆ ಬಂದರು. ಊರಿನ ಗಣ್ಯರ ಮುಖಗಳನ್ನು ಬರೆದು ಕಲ್ಲಚ್ಚಿನಲ್ಲಿ ಮುದ್ರಿಸಿ ಹೆಸರು ಮಾಡಿದರು. 1855ರಲ್ಲಿ ಬರ್ಮಾದ ರಾಜಧಾನಿಗೆ ಹೋದ ಸರ್ಕಾರಿ ನಿಯೋಗದ ಜತೆ ಚಿತ್ರಗಾರರಾಗಿ ಹೋದರು. ಬಂಗಾಳದ ಹಳ್ಳಿ ಬದುಕಿನ ಮೇಲೆ ಅವರು ಬರೆದ ಸಚಿತ್ರ ಪುಸ್ತಕ 1860ರಲ್ಲಿ ಹೊರಬಂತು. ಗುಡಿಸಲು, ನೇಗಿಲು, ನೀಲಿ ಕಾರ್ಖಾನೆ, ಮೀನಿನ ಬಲೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ಗೆರೆಯಲ್ಲಿ ಹಿಡಿದವರು. ಚಿತ್ರ ಬರೆಯುವವನು ಒಂದು ವಸ್ತುವನ್ನು ಬಹಳ ಹೊತ್ತು ನೋಡಬೇಕಾಗುತ್ತದೆ. ಬೀದಿಯ ಎತ್ತನ್ನೂ ಹಾಗೆ ನೋಡಿದ ಮೇಲೆ ಅವರು ಕೈಕಟ್ಟಿ ಕೂರಲು ಆಗಲಿಲ್ಲವೆಂದೇ ನನ್ನ ಊಹೆ. ಹಳ್ಳಿಯ ಪುಸ್ತಕ ಬಂದ ಮರುವರ್ಷವೇ, 1861ರಲ್ಲಿ, ಕಲ್ಕತ್ತೆಯಲ್ಲಿ ಪ್ರಾಣಿ ಹಿಂಸೆ ತಡೆಯುವ ಸಂಘ ಹುಟ್ಟಿತು. ಈ ಬಗೆಯ ಸಂಘಗಳಲ್ಲಿ ನಮ್ಮ ದೇಶಕ್ಕೆ ಅದೇ ಮೊದಲು.

ಈ ವರ್ಷವನ್ನು ಓದುಗರು ಸ್ವಲ್ಪ ಗಮನಿಸಬೇಕು. ಲಂಡನ್ನಿನ ಮೂಲ ಸಂಘ ಹುಟ್ಟಿದ್ದು 1824ರಲ್ಲಿ, ಒಂದು ಕಾಫಿ ಅಂಗಡಿಯಲ್ಲಿ ಕೂಡಿದ ಕೆಲವರಿಂದ. ಅಮೆರಿಕದ ನ್ಯೂಯಾರ್ಕಿನಲ್ಲಿ ಅಂಥ ಸಂಘ ಬಂದದ್ದು 1866ರಲ್ಲಿ, ಬಾಸ್ಟನ್ನಿನಲ್ಲಿ 1868ರಲ್ಲಿ. ಕಲ್ಕತ್ತೆಯದು ನ್ಯೂಯಾರ್ಕಿಗಿಂತ ಐದು ವರ್ಷ ಹಿರಿದು. ಪ್ರಾಣಿಗಳ ಮೇಲಿನ ಕರುಣೆ ನಮಗೆ ಹೊರಗಿನಿಂದ ಬಂದದ್ದಲ್ಲ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದೆನೆಂದು ಅಶೋಕ ಬಂಡೆಯ ಮೇಲೆ ಕೆತ್ತಿಸಿದ. ಗುಜರಾತಿನ ಜೈನರ ಪಾಂಜರಾಪೋಳಗಳು ಮುದಿಯಾದ, ಕುಂಟಾದ ದನಗಳನ್ನು ತಲೆತಲಾಂತರದಿಂದ ಸಾಕುತ್ತ ಬಂದಿವೆ. ಆದರೆ ಪಾಂಜರಾಪೋಳ ದುಡಿಮೆ ಮುಗಿದ ದನಕ್ಕೆ ಆಸರೆ. ದುಡಿಯುತ್ತಿರುವ ದನದ ಪರವಾಗಿ ಬೀದಿಯಲ್ಲಿ ನಿಂತು, ಹೊಡೆಯುವ ಕೈಯನ್ನು ತಡೆದು, ಅದಕ್ಕಾಗಿ ಕಾನೂನು ಕೇಳುವುದು ಬೇರೆಯೇ ಕೆಲಸ. ಅದಕ್ಕೆ ಕಚೇರಿ ಬೇಕು, ಚಂದಾ ಬೇಕು, ಅರ್ಜಿ ಬರೆಯಬಲ್ಲವರು ಬೇಕು, ಸರ್ಕಾರದ ಬಾಗಿಲು ತಟ್ಟಬಲ್ಲವರು ಬೇಕು. ಊರಿನ ಜನ ನಂಬುವ ಒಬ್ಬ ದೇಸಿ ಮನುಷ್ಯನಂತೂ ಬೇಕೇ ಬೇಕು. ಈ ಕೊನೆಯ ಜಾಗದಲ್ಲಿ ನಿಂತವರು ಪ್ಯಾರಿಚಾಂದ್.

ಅವರು ಹುಟ್ಟಿದ್ದು 1814ರ ಜುಲೈನಲ್ಲಿ, ಕಲ್ಕತ್ತೆಯಲ್ಲೇ. ಹಿಂದೂ ಕಾಲೇಜಿನಲ್ಲಿ ಓದಿದರು. ಅಲ್ಲಿ ಡಿರೋಜಿಯೊ ಎಂಬ ತರುಣ ಮೇಷ್ಟ್ರು ಪ್ರಶ್ನೆ ಕೇಳುವುದನ್ನು ಕಲಿಸಿದ ಹುಡುಗರ ಗುಂಪಿಗೆ ಇವರೂ ಸೇರಿದವರು. ಆ ಗುಂಪಿನ ಕೆಲವರು ಮಾತಿನಲ್ಲಿ ಬೆಂಕಿಯುಗುಳಿ ಮುಂದೆ ತಣ್ಣಗಾದರು. ಪ್ಯಾರಿಚಾಂದರ ದಾರಿ ಬೇರೆ. 1836ರಲ್ಲಿ ಕಲ್ಕತ್ತಾ ಪಬ್ಲಿಕ್ ಲೈಬ್ರರಿ ಶುರುವಾದಾಗ ಅಲ್ಲಿ ಸಹಾಯಕ ಗ್ರಂಥಪಾಲರಾಗಿ ಸೇರಿಕೊಂಡು, ಮುಂದೆ ಗ್ರಂಥಪಾಲರೂ ಕಾರ್ಯದರ್ಶಿಗಳೂ ಆದರು. ಇಂದಿನ ರಾಷ್ಟ್ರೀಯ ಗ್ರಂಥಾಲಯದ ಬೇರು ಇರುವುದು ಅಲ್ಲಿಯೇ. 1838ರಲ್ಲಿ ಗೆಳೆಯರು ಕಟ್ಟಿದ ಜ್ಞಾನಾರ್ಜನೆಯ ಸಭೆಗೆ ಕಾರ್ಯದರ್ಶಿ. 1843ರ ಬೆಂಗಾಲ್ ಬ್ರಿಟಿಷ್ ಇಂಡಿಯಾ ಸೊಸೈಟಿಗೆ ಕಾರ್ಯದರ್ಶಿ. ಬೆಥೂನ್ ಸೊಸೈಟಿಗೆ ಕಾರ್ಯದರ್ಶಿ. ಕೃಷಿ ಮತ್ತು ತೋಟಗಾರಿಕೆ ಸಂಘದಲ್ಲಿ ಉಪಾಧ್ಯಕ್ಷ. ಎಲ್ಲಿ ನೋಡಿದರೂ ಟಿಪ್ಪಣಿ ಬರೆಯುವ, ಪತ್ರಕ್ಕೆ ಉತ್ತರ ಕೊಡುವ, ಸಭೆಗೆ ಜನ ಸೇರಿಸುವ ಕುರ್ಚಿ ಅವರದೇ. ಇದರ ನಡುವೆ ಸ್ವಂತ ವ್ಯಾಪಾರವನ್ನೂ ನಡೆಸಿ ಪ್ರಾಮಾಣಿಕ ವರ್ತಕನೆಂದು ಹೆಸರು ಪಡೆದರು.

ಲೈಬ್ರರಿ 1844ರಲ್ಲಿ ಸ್ಟ್ರ್ಯಾಂಡ್ ರಸ್ತೆಯ ಮೆಟ್ಕಾಫ್ ಹಾಲಿಗೆ ಬಂತು. ಗ್ರೀಕ್ ಮಾದರಿಯ ಎತ್ತರದ ಕಂಬಗಳ ಆ ಕಟ್ಟಡ ಇಂದಿಗೂ ಇದೆ. ಮಹಡಿಯಲ್ಲಿ ಪುಸ್ತಕ, ಕೆಳಗೆ ಕೃಷಿ ಸಂಘದ ಕಚೇರಿ. ಪ್ಯಾರಿಚಾಂದರಿಗೆ ಎರಡು ಕಡೆಯೂ ಕೆಲಸ. ಮೆಟ್ಟಿಲಿಳಿದರೆ ಎದುರಿಗೆ ಹೂಗ್ಲಿ ನದಿ, ಘಟ್ಟಗಳು, ಸರಕಿನ ರಾಶಿ. ಗಾಡಿ ಎಳೆಯುವ ಪ್ರಾಣಿಗಳ ಪಾಡು ತಿಳಿಯಲು ಅವರು ವರದಿ ಓದಬೇಕಾಗಿರಲಿಲ್ಲ.

ಇನ್ನು ಕಾದಂಬರಿ. 1854ರಲ್ಲಿ ಪ್ಯಾರಿಚಾಂದ್ ತಮ್ಮ ಗೆಳೆಯ ರಾಧಾನಾಥ ಸಿಕ್ದಾರರ ಜತೆ 'ಮಾಸಿಕ ಪತ್ರಿಕಾ' ಎಂಬ ಪತ್ರಿಕೆ ಹೊರಡಿಸಿದರು. ಎವರೆಸ್ಟ್ ಶಿಖರವೇ ಎಲ್ಲಕ್ಕಿಂತ ಎತ್ತರವೆಂದು ಲೆಕ್ಕ ಹಾಕಿ ತೋರಿಸಿದ ಗಣಿತಜ್ಞ ಸಿಕ್ದಾರರೇ ಇವರು. ಪತ್ರಿಕೆಯ ಉದ್ದೇಶ ಸರಳ. ಪಂಡಿತರಿಗಲ್ಲ, ಸಾಧಾರಣ ಜನಕ್ಕೆ, ಅದರಲ್ಲೂ ಮನೆಯ ಹೆಣ್ಣುಮಕ್ಕಳಿಗೆ, ಅವರಾಡುವ ಮಾತಿನಲ್ಲೇ ಬರೆಯುವುದು. ಸಂಸ್ಕೃತದ ಭಾರದಿಂದ ಬಗ್ಗಿದ್ದ ಗದ್ಯದ ಕಾಲ ಅದು. ಅದೇ ಪತ್ರಿಕೆಯಲ್ಲಿ 'ಟೇಕ್‌ಚಾಂದ್ ಠಾಕೂರ್' ಎಂಬ ಕಾವ್ಯನಾಮದಲ್ಲಿ ಅವರ 'ಆಲಾಲೇರ್ ಘರೇರ್ ದುಲಾಲ್' ಕಂತು ಕಂತಾಗಿ ಬಂದು, 1858ರಲ್ಲಿ ಪುಸ್ತಕವಾಯಿತು. ಸಿರಿವಂತರ ಮನೆಯ ಮುದ್ದಿನ ಮಗ ಹದಗೆಟ್ಟ ಕಥೆ. ಮೋತಿಲಾಲನೆಂಬ ಹುಡುಗ, ಅವನನ್ನು ತಿದ್ದದ ತಂದೆ ಬಾಬೂರಾಮ್, ಎಲ್ಲರನ್ನೂ ಮೀರಿಸಿದ ಧೂರ್ತ ಠಕ್‌ಚಾಚಾ. ಕೋರ್ಟು, ಘಟ್ಟ, ಅಂಗಡಿ ಬೀದಿ, ಅಂಗಳದ ಮಾತು ಹಾಗೆಹಾಗೇ ಕಾಗದಕ್ಕಿಳಿದದ್ದು ಬಂಗಾಳಿಗೆ ಹೊಸತು. ಆ ಶೈಲಿಗೆ 'ಆಲಾಲಿ' ಎಂದೇ ಹೆಸರು ಬಿತ್ತು. ನಮ್ಮಲ್ಲಿ ಬಿ. ವೆಂಕಟಾಚಾರ್ಯರ ಅನುವಾದಗಳಿಂದ ಮನೆಮಾತಾದ ಬಂಕಿಮಚಂದ್ರರು ಈ ಹಿರಿಯನ ಋಣವನ್ನು ಮನಸ್ಸು ಬಿಚ್ಚಿ ಒಪ್ಪಿಕೊಂಡರು. ಪ್ಯಾರಿಚಾಂದರ ಕೃತಿಗಳನ್ನು ಒಟ್ಟು ಮಾಡಿ 1892ರಲ್ಲಿ ತಂದಾಗ ಅದಕ್ಕೆ ಮುನ್ನುಡಿ ಬರೆದವರೂ ಬಂಕಿಮರೇ.

ಕಾದಂಬರಿ ಬರೆದವರು ಪ್ರಾಣಿ ದಯೆಯ ಕಡೆಗೆ ಏಕೆ ಬಂದರು? ಇದಕ್ಕೆ ಅವರ ಬದುಕಿನಲ್ಲಿ ಎರಡು ಉತ್ತರ ಕಾಣುತ್ತದೆ. 1860ರಲ್ಲಿ ಅವರ ಹೆಂಡತಿ ತೀರಿಕೊಂಡರು. ಆ ನೋವು ಅವರನ್ನು ಒಳಮುಖವಾಗಿಸಿತು. ಆತ್ಮ, ಪರಲೋಕ, ಎಲ್ಲ ಜೀವಿಗಳಲ್ಲಿರುವ ಚೇತನ, ಇವುಗಳ ಕಡೆಗೆ ಮನಸ್ಸು ತಿರುಗಿತು. ಮುಂದೆ ಬಂದ 'ಅಭೇದಿ', 'ಆಧ್ಯಾತ್ಮಿಕಾ' ಕೃತಿಗಳಲ್ಲಿ ಅದೇ ಧ್ಯಾನ. ಹೆಂಡತಿ ಹೋದ ಮರುವರ್ಷವೇ ಸಂಘ ಹುಟ್ಟಿತೆಂಬುದು ಬರೀ ಕಾಲದ ಹೊಂದಿಕೆಯೂ ಇರಬಹುದು, ಆದರೆ ಬೆಂದ ಮನಸ್ಸು ಇನ್ನೊಂದು ಜೀವದ ನೋವನ್ನು ಬೇಗ ಗುರುತಿಸುತ್ತದೆ ಎಂಬುದನ್ನು ನಾನು ನನ್ನ ಸುತ್ತಲಿನ ಕಾರ್ಯಕರ್ತರಲ್ಲೇ ಕಂಡಿದ್ದೇನೆ. ಇನ್ನೊಂದು ಉತ್ತರ ಅವರ ಗದ್ಯದಲ್ಲೇ ಇದೆ. ಯಾರ ಮಾತು ಪುಸ್ತಕದಲ್ಲಿ ಬರಬಾರದು ಎಂದು ಪಂಡಿತರು ತೀರ್ಮಾನಿಸಿದ್ದರೋ ಅವರ ಮಾತಿಗೆ ಕಿವಿಗೊಟ್ಟವರು ಅವರು. ಆ ಕಿವಿ ಮಾತೇ ಇಲ್ಲದ ಪ್ರಾಣಿಯ ಕಡೆಗೂ ತಿರುಗಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಗಮನಿಸಿ. ಪ್ಯಾರಿಚಾಂದ್ ಎತ್ತಿನ ಮೇಲೆ ಕಾದಂಬರಿ ಬರೆದು ಜನರ ಕಣ್ಣಲ್ಲಿ ನೀರು ತರಿಸಲಿಲ್ಲ. ಇಂಗ್ಲೆಂಡಿನಲ್ಲಿ ಆನಾ ಸ್ಯೂವೆಲ್ ಎಂಬಾಕೆ 1877ರಲ್ಲಿ ಕುದುರೆಯ ಬಾಯಲ್ಲೇ ಕಥೆ ಹೇಳಿಸಿ 'ಬ್ಲ್ಯಾಕ್ ಬ್ಯೂಟಿ' ಬರೆದರು. ಅದೂ ದೊಡ್ಡ ಸೇವೆ. ನಮ್ಮ ಶಾಲೆಗಳಲ್ಲಿ ಸಂಕ್ಷಿಪ್ತ ಪಾಠವಾಗಿ ಅದನ್ನು ಓದಿದವರು ಬಹಳ ಮಂದಿ. ಪ್ಯಾರಿಚಾಂದ್ ಸಂಘಕ್ಕೆ ಕೊಟ್ಟದ್ದು ಅದನ್ನಲ್ಲ. ತಾವು ಜೀವನವಿಡೀ ಕಲಿತ ಕಾರ್ಯದರ್ಶಿಯ ಕಸುಬನ್ನು ಕೊಟ್ಟರು. ಗೌರವ ಕಾರ್ಯದರ್ಶಿ ಗ್ರಾಂಟ್ ಅವರ ಜತೆ ಸಂಘದ ಕಚೇರಿಯ ಕೆಲಸದಲ್ಲಿ ದುಡಿದರು. ಪತ್ರ, ಅರ್ಜಿ, ವರದಿ, ಲೆಕ್ಕ. ಹೆಸರಾದ ಲೇಖಕನೊಬ್ಬ ಸಂಸ್ಥೆಯ ವೇದಿಕೆಗೆ ಬಂದು ಹಾರ ಹಾಕಿಸಿಕೊಂಡು ಹೋಗುವುದನ್ನು ನಾವು ಎಷ್ಟೋ ಕಂಡಿದ್ದೇವೆ. ವೇದಿಕೆ ಇಳಿದು ದಫ್ತರ ಹಿಡಿದು ಕೂರುವವರು ಅಪರೂಪ. ಪ್ಯಾರಿಚಾಂದರನ್ನು ನಾನು ಗೌರವಿಸುವುದು ಎಲ್ಲಕ್ಕಿಂತ ಹೆಚ್ಚಾಗಿ ಇದಕ್ಕೆ.

1868ರಲ್ಲಿ ಅವರು ಬಂಗಾಳದ ಶಾಸನ ಸಭೆಯ ಸದಸ್ಯರಾದರು. 1870ರವರೆಗೆ ಅಲ್ಲಿದ್ದರು. ಪ್ರಾಣಿ ಹಿಂಸೆ ತಡೆಯುವ ಕಾನೂನು ಬರಲು ಅಲ್ಲಿ ಅವರು ಮುಂದೆ ನಿಂತು ದುಡಿದರು. 1869ರಲ್ಲಿ ಬಂಗಾಳದ ಪ್ರಾಣಿ ಹಿಂಸಾ ಕಾಯಿದೆ ಅಂಗೀಕಾರವಾಯಿತು. ಆ ವರ್ಷದ ಬಂಗಾಳ ಕಾಯಿದೆಗಳಲ್ಲಿ ಅದರದೇ ಮೊದಲ ಸಂಖ್ಯೆ. ಪ್ರಾಣಿಯನ್ನು ಕ್ರೂರವಾಗಿ ಹೊಡೆಯುವುದು, ಹಿಂಸಿಸುವುದು, ಮಿತಿಮೀರಿ ಹೇರುವುದು ಈಗ ದಂಡನೆಗೆ ಅರ್ಹ. ಮೊದಲು ಸಂಘದವರು ಬೀದಿಯಲ್ಲಿ ನಿಂತು ಬೇಡಿಕೊಳ್ಳಬೇಕಿತ್ತು. ಈಗ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಯಿತು. ಸಂಘ ಹುಟ್ಟಿ ಎಂಟೇ ವರ್ಷಕ್ಕೆ ಇದು ಆಯಿತೆಂದರೆ ಸಣ್ಣ ಮಾತಲ್ಲ. ಒಂದು ಬೀದಿ ನಾಯಿ ನಿಯಂತ್ರಣ ಕೇಂದ್ರಕ್ಕೆ ಜಾಗ ಮಂಜೂರು ಮಾಡಿಸಲು ಇಂದು ಎಷ್ಟು ಕಾಲ ಹಿಡಿಯುತ್ತದೆಂದು ಬಲ್ಲವರಿಗೆ ಇದರ ತೂಕ ಗೊತ್ತಾಗುತ್ತದೆ.

ಗ್ರಾಂಟ್ ಅವರು ಈ ನಡುವೆ ಇನ್ನೊಂದು ದಾರಿಯಲ್ಲೂ ದುಡಿಯುತ್ತಿದ್ದರು. ಕ್ರೌರ್ಯದ ಬಗ್ಗೆ ಕಲ್ಕತ್ತೆಯ ಮಕ್ಕಳಿಗೆಂದೇ ಒಂದು ಪುಸ್ತಿಕೆ ಬರೆದರು. ಕಾನೂನು ದೊಡ್ಡವರ ಕೈ ತಡೆಯುತ್ತದೆ, ಮಕ್ಕಳ ಮನಸ್ಸನ್ನು ಮೊದಲೇ ಹದಮಾಡಬೇಕು ಎಂಬ ಯೋಚನೆ. ಇಂದು ನಾವು ಶಾಲೆ ಶಾಲೆಗೆ ಹೋಗಿ ಮಾಡುವ ಕಾರ್ಯಕ್ರಮಗಳ ಮೊದಲ ಹೆಜ್ಜೆ ಅದು.

ಈಗ ನನ್ನ ಆ ಮುದುಕನ ಕಡೆಗೆ ಬರುತ್ತೇನೆ. ಹೇರು ಹೆಚ್ಚಾದರೆ ದಂಡ ತೆರುವವನು ಯಾರು? ಹೇರು ನಿರ್ಧರಿಸಿದವನು ಗೋದಾಮಿನ ಸಾಹುಕಾರ. ಹಿಡಿಯಲ್ಪಡುವವನು ಬಾರುಕೋಲು ಹಿಡಿದ ಗಾಡಿಯವನು. ಪ್ರಾಣಿ ದಯಾ ಕಾನೂನುಗಳೆಲ್ಲವೂ ಎಡವಿದ್ದು ಈ ಕಲ್ಲಿಗೆ. ಕಲ್ಕತ್ತೆಯ ಕಾನೂನೂ ಎಡವಿತು. ಸಂಘದ ಏಜೆಂಟರಿಂದ, ಪೊಲೀಸರಿಂದ ಕಿರುಕುಳವೆಂಬ ದೂರು ಗಾಡಿಯವರಲ್ಲಿ ಹೊಗೆಯಾಡುತ್ತಲೇ ಇತ್ತು. ಅದು ಹೊತ್ತಿಕೊಂಡದ್ದು ಪ್ಯಾರಿಚಾಂದ್ ಹೋಗಿ ಬಹಳ ಕಾಲದ ಮೇಲೆ, 1930ರಲ್ಲಿ. ಬೇಸಿಗೆಯ ತಿಂಗಳುಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಕೋಣದ ಗಾಡಿ ಬೀದಿಗಿಳಿಯಬಾರದೆಂಬ ನಿಯಮ ಬಂತು. ಕೋಣಕ್ಕೆ ಅದು ಜೀವ ಉಳಿಸುವ ನಿಯಮ. ಚರ್ಮ ಕಪ್ಪು, ಬೆವರುವುದು ಕಡಿಮೆ, ಹಾಗಾಗಿ ಬಿಸಿಲಿಗೆ ಎತ್ತಿಗಿಂತ ಬೇಗ ಬೀಳುವ ಪ್ರಾಣಿ ಅದು. ಗಾಡಿಯವನಿಗೋ ದಿನದ ಮೂರು ಗಂಟೆ ದುಡಿಮೆ ಹೋಯಿತು. ಏಪ್ರಿಲ್ 1ರಂದು ಗಾಡಿಯವರು ಮುಷ್ಕರ ಹೂಡಿದರು. ಗಾಂಧೀಜಿ ದಾಂಡಿಯ ಹಾದಿಯಲ್ಲಿದ್ದ ದಿನಗಳವು. ಗಾಡಿಗಳನ್ನೇ ರಸ್ತೆಗೆ ಅಡ್ಡ ನಿಲ್ಲಿಸಿ ಊರು ಕಟ್ಟಿಹಾಕಿದರು. ಪೊಲೀಸರು ಗುಂಡು ಹಾರಿಸಿದರು, ಸಾವುಗಳಾದವು.

ಕೋಣದ ದಣಿವಿನ ಮೇಲೆ ಮಾಡಿದ ನಿಯಮಕ್ಕೆ ಮನುಷ್ಯರು ಸತ್ತದ್ದು ನಮ್ಮ ಚಳವಳಿಯ ಚರಿತ್ರೆಯ ಅತ್ಯಂತ ನೋವಿನ ಪುಟ. ಸ್ಮರಣ ಸಂಚಿಕೆಗಳಲ್ಲಿ ಇಂಥದನ್ನು ಬಿಟ್ಟುಬಿಡುವುದು ವಾಡಿಕೆ. ಬಿಡಬಾರದೆಂದು ನನ್ನ ಅಭಿಪ್ರಾಯ. ನಿಯಮ ತಪ್ಪಲ್ಲ. ಕೂಲಿ ಹೋದವನಿಗೆ ಏನು ಗತಿ ಎಂದು ಯಾರೂ ಕೇಳದೆ ಹೋದದ್ದು ತಪ್ಪು.

ಪ್ಯಾರಿಚಾಂದ್ ಇದ್ದಿದ್ದರೆ ಕೇಳುತ್ತಿದ್ದರೆಂದು ನಾನು ನಂಬುತ್ತೇನೆ. ಇದಕ್ಕೆ ಆಧಾರವಿದೆ. ಸಂಘ ಹುಟ್ಟುವ 15 ವರ್ಷ ಮೊದಲೇ, 1846ರಲ್ಲಿ, ಅವರು 'ಕಲ್ಕತ್ತಾ ರಿವ್ಯೂ' ಪತ್ರಿಕೆಯಲ್ಲಿ ಜಮೀನ್ದಾರ ಮತ್ತು ರೈತನ ಬಗ್ಗೆ ದೀರ್ಘ ಲೇಖನ ಬರೆದಿದ್ದರು. ಶಾಶ್ವತ ಕಂದಾಯ ಪದ್ಧತಿಯ ಕೆಳಗೆ ರೈತನನ್ನು ಹೇಗೆ ಹಿಂಡುತ್ತಾರೆಂಬುದನ್ನು ಅದರಲ್ಲಿ ಬಿಡಿಸಿಟ್ಟರು. ಕಂಪನಿ ಸರ್ಕಾರದ ಕಾಲ, ಕಲ್ಕತ್ತೆಯ ಗಣ್ಯರಲ್ಲಿ ಬಹುಪಾಲು ಜಮೀನ್ದಾರರೇ. ವಿಧವೆಯರ ಮರುಮದುವೆಯ ಪರವಾಗಿ, ಹೆಣ್ಣುಮಕ್ಕಳ ಓದಿನ ಪರವಾಗಿ, ಕುಡಿತದ ವಿರುದ್ಧವಾಗಿ ಬರೆದದ್ದೂ ಅದೇ ಲೇಖನಿ. ಎತ್ತಿನ ಪರ ನಿಂತವರು ಎತ್ತು ಹೂಡುವವನನ್ನು ಮರೆತವರಲ್ಲ. ರೈತನ ಬೆನ್ನು, ಹೆಂಗಸಿನ ಕಣ್ಣೀರು, ಎತ್ತಿನ ಹೆಗಲು ಅವರಿಗೆ ಬೇರೆ ಬೇರೆ ಇಲಾಖೆಗಳಾಗಿರಲಿಲ್ಲ. ಈ ಸಮದೃಷ್ಟಿ ಅವರ ಬಳಿಕ ಸಂಘಗಳಲ್ಲಿ ತೆಳುವಾಗುತ್ತ ಹೋಯಿತು ಎಂಬುದು ನನ್ನ ಕೊರಗು.

ಆದರೂ 1930ರ ನಿಯಮ ಸಾಯಲಿಲ್ಲ. ಇಂದು ಇಡೀ ದೇಶಕ್ಕೆ ಅನ್ವಯವಾಗುವ ಗಾಡಿ ಪ್ರಾಣಿಗಳ ನಿಯಮಗಳು 1965ರವು. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ಪ್ರಾಣಿಯನ್ನು ದುಡಿಸಬಾರದು. ತಾಪಮಾನ 37 ಡಿಗ್ರಿ ಸೆಲ್ಸಿಯಸ್ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಹೂಡಬಾರದು. ತುದಿಗೆ ಮೊಳೆ ಹೊಡೆದ ಕೋಲು, ಮುಳ್ಳಿರುವ ನೊಗ, ಕಡಿವಾಣ ಬಳಸಬಾರದು. ಆ 12 ಮತ್ತು 3 ನೋಡಿದಾಗಲೆಲ್ಲ ನನಗೆ ಕಲ್ಕತ್ತೆಯ ಬೀದಿ ನೆನಪಾಗುತ್ತದೆ. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಈ ನಿಯಮ ಎಷ್ಟು ಬೇಕೆಂದು ಅಲ್ಲಿನವರಿಗೆ ಹೇಳಬೇಕಾಗಿಲ್ಲ. ನಿಯಮದ ಹೆಸರೇ ಕೇಳದ ನಮ್ಮ ರೈತರು ಕಾರಹುಣ್ಣಿಮೆಯ ದಿನ ಎತ್ತಿನ ಹೆಗಲಿಗೆ ಎಣ್ಣೆ ಅರಿಶಿನ ಹಚ್ಚಿ, ಮೈ ತೊಳೆದು, ನೊಗ ಮುಟ್ಟಿಸದೆ ಪೂಜೆ ಮಾಡುತ್ತಾರೆ. ಆ ಅರಿಶಿನವೂ ಹೆಗಲುಬಾವಿನ ಹಳೆಯ ಮದ್ದೇ.

ಮಿಕ್ಕ ಕಾಯಿದೆಗಳ ಕಥೆ ಬೇಗ ಹೇಳಬಹುದು. ಪ್ರಾಂತಗಳ ಕಾನೂನುಗಳ ಬಳಿಕ 1890ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಒಂದು ಕಾಯಿದೆ ಬಂತು. ಸ್ವಾತಂತ್ರ್ಯ ಬಂದ ಮೇಲೆ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದದ್ದರಿಂದ 1960ರ ಕಾಯಿದೆ, ಅದರ ಮೇಲೆ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ. 2001ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಣಿ ದಯಾ ಸಂಘ ಇರಬೇಕು. ನಮ್ಮ ಜಿಲ್ಲಾ ಸಂಘಗಳೆಲ್ಲ ನಿಂತಿರುವುದು ಆ ನಿಯಮದ ಮೇಲೆ. 1960ರ ಕಾಯಿದೆಯಲ್ಲಿ ಮೊದಲ ತಪ್ಪಿಗೆ ಇಟ್ಟ ದಂಡ 10ರಿಂದ 50 ರೂಪಾಯಿ. ಅದನ್ನು ಹೆಚ್ಚಿಸಿ ಎಂದು ನಾವೆಲ್ಲ ಕೂಗುತ್ತಿರುವುದು ಇಂದು ನಿನ್ನೆಯದಲ್ಲ.

1880ರ ಮೇ 31ರಂದು ಗ್ರಾಂಟ್ ತೀರಿಕೊಂಡರು. ಕಲ್ಕತ್ತೆಯಲ್ಲಿ ಅವರು ಕಳೆದದ್ದು 48 ವರ್ಷ, ಅದರಲ್ಲಿ 19 ವರ್ಷ ಸಂಘಕ್ಕೆ. ಗೆಳೆಯರೂ ಅಭಿಮಾನಿಗಳೂ ಸೇರಿ ಅವರ ನೆನಪಿಗೆ ಒಂದು ಕಲ್ಲಿನ ಸ್ತಂಭ ನಿಲ್ಲಿಸಿದರು. ಎಲ್ಲಿ ನಿಲ್ಲಿಸಿದರು ನೋಡಿ, ರೈಟರ್ಸ್ ಬಿಲ್ಡಿಂಗಿನ ಎದುರು, ಲಾಲ್ ದಿಘಿ ಕೆರೆಯ ಪಕ್ಕ. ಇಡೀ ಬಂಗಾಳದ ಆಡಳಿತ ನಡೆಯುತ್ತಿದ್ದ ಜಾಗ. ಸ್ತಂಭದ ಜತೆಗೆ ದನ ಕುದುರೆಗಳಿಗೆ ನೀರು ಕುಡಿಯಲು ತೊಟ್ಟಿ. ಗ್ರಾಂಟ್ ಅವರಿಗೆ ಇದಕ್ಕಿಂತ ಒಪ್ಪುವ ಸ್ಮಾರಕವನ್ನು ನಾನು ಕಲ್ಪಿಸಿಕೊಳ್ಳಲಾರೆ. ಬಿಸಿಲಲ್ಲಿ ಬಂದ ಎತ್ತೊಂದು ಮೂತಿಯನ್ನು ನೀರಿಗಿಟ್ಟು, ಉಸಿರು ಬಿಟ್ಟು, ಗಂಟಲಲ್ಲಿ ಸದ್ದು ಮಾಡುತ್ತ ಎಳೆದೆಳೆದು ಕುಡಿದು, ತಲೆ ಎತ್ತಿದಾಗ ತುಟಿಯಿಂದ ನೀರು ದಾರವಾಗಿ ಇಳಿಯುವುದನ್ನು ನೋಡಿದವರಿಗೆ ನನ್ನ ಮಾತು ಅರ್ಥವಾಗುತ್ತದೆ. ಇಂದು ಆ ರಸ್ತೆಯಲ್ಲಿ ಎತ್ತಿನ ಗಾಡಿ ಇಲ್ಲ, ಬಸ್ಸು ಟ್ಯಾಕ್ಸಿಗಳ ನಡುವೆ ಸ್ತಂಭ ಮಾತ್ರ ಉಳಿದಿದೆ. ಕಲ್ಕತ್ತೆಯ ಸಂಘ ಇಂದಿಗೂ ಕೆಲಸ ಮಾಡುತ್ತಿದೆ.

ಕಲ್ಲು ನಿಲ್ಲಿಸಿದವರು ಹಲವರು. ಪುಸ್ತಕ ಬರೆದವರು ಒಬ್ಬರೇ. ಪ್ಯಾರಿಚಾಂದ್ ಜೀವನಚರಿತ್ರೆ ಬರೆದದ್ದು ಕೆಲವೇ ಮಂದಿಯದು. ಕಲ್ಕತ್ತೆಗೆ ಶಾಲೆ ಕೊಟ್ಟ ಡೇವಿಡ್ ಹೇರ್ ಅವರದು, ದಿವಾನ್ ರಾಮಕಮಲ ಸೇನರದು, ಆಮೇಲೆ ಗ್ರಾಂಟ್ ಅವರದು. ಮೊದಲ ಇಬ್ಬರು ಊರಿಗೆಲ್ಲ ಗೊತ್ತಿದ್ದ ದೊಡ್ಡವರು. ಗ್ರಾಂಟ್ ಅವರನ್ನು ಅವರ ಸಾಲಿಗೆ ತಂದು ಕೂರಿಸಿದ್ದು ಪ್ಯಾರಿಚಾಂದರ ತೀರ್ಮಾನ. ಸಂಘದ ಮೊದಲ ವರ್ಷಗಳಲ್ಲಿ ಏನಾಯಿತು, ಯಾರು ದುಡಿದರು ಎಂಬುದು ಇಂದು ನಮಗೆ ಸಿಗುವುದಾದರೆ ಅದಕ್ಕೆ ಮುಖ್ಯ ಕಾರಣ ಆ ಪುಸ್ತಕ. ಪುಸ್ತಕದ ತುಂಬ ಗ್ರಾಂಟ್, ಲೇಖಕರ ಹೆಸರು ಮುಖಪುಟದಲ್ಲಿ. ಕಾದಂಬರಿಕಾರನೊಬ್ಬ ಪ್ರಾಣಿ ದಯೆಯ ಕೆಲಸಕ್ಕೆ ಸಲ್ಲಿಸಿದ ದೊಡ್ಡ ಸೇವೆ ಯಾವುದೆಂದು ಕೇಳಿದರೆ, 1869ರ ಕಾಯಿದೆಗಿಂತಲೂ ನಾನು ಈ ಪುಸ್ತಕದತ್ತಲೇ ಕೈ ತೋರಿಸುತ್ತೇನೆ. ಕಾಯಿದೆಯ ಜಾಗಕ್ಕೆ ಬೇರೆ ಕಾಯಿದೆ ಬಂತು. ಜತೆಗೆ ದುಡಿದ ಗೆಳೆಯನ ಕಥೆಯನ್ನು ಅವರು ಬರೆಯದೇ ಹೋಗಿದ್ದರೆ ಬೇರೆ ಯಾರೂ ಬರೆಯುತ್ತಿರಲಿಲ್ಲ.

ಹಾಗಾಗಿ ಈ ಸಂಚಿಕೆ ಓದುವವರಲ್ಲಿ ಒಂದು ಕೋರಿಕೆ. ನಮ್ಮ ಸಂಘದ ಹಳೆಯ ಹಾಜರಿ ಪುಸ್ತಕ, ಸಭೆಯ ನಡಾವಳಿ, ಚಿಕಿತ್ಸೆಯ ರಿಜಿಸ್ಟರು, ದೇಣಿಗೆ ರಸೀದಿ, ಫೋಟೋ, ಏನೇ ಇರಲಿ, ನಿಮ್ಮ ಮನೆಯ ಅಟ್ಟದ ಮೇಲಿದ್ದರೆ ರದ್ದಿಗೆ ಹಾಕಬೇಡಿ. ಆಂಬುಲೆನ್ಸ್ ಓಡಿಸಿದವರು, ರಾತ್ರಿ ಎದ್ದು ಗಾಯ ಕಟ್ಟಿದ ಕಾಂಪೌಂಡರುಗಳು, ತೊಟ್ಟಿಗೆ ನೀರು ತುಂಬಿದ ಹೆಂಗಸರು, ಇವರ ಹೆಸರು ಗೊತ್ತಿದ್ದರೆ ಒಂದು ಹಾಳೆಯಲ್ಲಿ ಬರೆದು, ವರ್ಷ ನೆನಪಿದ್ದಷ್ಟು ನಮೂದಿಸಿ, ಸಂಘದ ಕಚೇರಿಗೆ ತಲುಪಿಸಿ.